ಸಿರಪ್ ಇಲ್ಲದೆ ಹಣ್ಣಿನ ಕಾಕ್‌ಟೇಲ್ ಮಾಡಬೇಕೆ? ಮೊದಲು ಹುಳಿ ಇಳಿಸಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವೈದ್ಯರು ಸಕ್ಕರೆ ಕಡಿಮೆ ಮಾಡಿ ಎಂದಿದ್ದಾರೆ, ಶನಿವಾರ ಗೆಳೆಯರು ಮನೆಗೆ ಬರುತ್ತಾರೆ, ಬೆಂಗಳೂರಿನಲ್ಲಿ ಸಿಗುವ ತಾಜಾ ಹಣ್ಣಿನಿಂದ ಕಾಕ್‌ಟೇಲ್ ಮಾಡುವ ಆಸೆ ಇದೆ. ಆದರೆ ಸಕ್ಕರೆ ಸಿರಪ್ ಬಿಟ್ಟು ಮಾಡಿದಾಗಲೆಲ್ಲ "ಬರೀ ಹುಳಿ, ನೀರು ನೀರು" ಆಗುತ್ತಿದೆ.

ಸಕ್ಕರೆ ತೆಗೆದ ದಿನವೇ ನಿಂಬೆರಸವನ್ನೂ ಮೂರನೇ ಒಂದು ಭಾಗಕ್ಕೆ ಇಳಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಸಾಮಾನ್ಯ ಪಾಕವಿಧಾನಗಳಲ್ಲಿ 60 ಮಿಲಿಲೀಟರ್ ಮದ್ಯಕ್ಕೆ 25–30 ಮಿಲಿಲೀಟರ್ ನಿಂಬೆರಸ, 20–25 ಮಿಲಿಲೀಟರ್ ಸಿರಪ್ ಇರುತ್ತದೆ. ನಿಂಬೆರಸದಲ್ಲಿ ನೂರಕ್ಕೆ ಐದಾರು ಭಾಗ ಸಿಟ್ರಿಕ್ ಆಮ್ಲವೇ ಇರುವುದರಿಂದ ಅಷ್ಟು ಹುಳಿಯನ್ನು ಸರಿದೂಗಿಸಲು ಅಷ್ಟು ಸಿಹಿ ಬೇಕಾಗುತ್ತದೆ. ಸಾರಿಗೆ ಹುಣಸೆ ಹೆಚ್ಚಾದಾಗ ಬೆಲ್ಲ ಹಾಕುತ್ತೇವಲ್ಲ, ಇದೂ ಹಾಗೆಯೇ. ಹುಣಸೆ ಹದವಾಗಿದ್ದ ದಿನ ಬೆಲ್ಲದ ಡಬ್ಬಿ ತೆರೆಯುವ ಅಗತ್ಯವೇ ಬರುವುದಿಲ್ಲ. ಹಾಗಾಗಿ ನಿಂಬೆರಸ ಎರಡು ಟೀ ಚಮಚ, ಅಂದರೆ 10 ಮಿಲಿಲೀಟರ್ ಸಾಕು. ಹಣ್ಣಿಗೇ ಹುಳಿ ಇದ್ದರೆ ಅದೂ ಬೇಡ.

ಸಕ್ಕರೆ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಕರಗಿಸಿದ ಸಿರಪ್ 30 ಮಿಲಿಲೀಟರ್ ಹಾಕಿದರೆ ಸುಮಾರು 18 ಗ್ರಾಂ ಸಕ್ಕರೆ ಹೋಯಿತು. ಜಿನ್ ಜೊತೆ ಬೆರೆಸುವ ಟಾನಿಕ್ ನೀರು ಕಹಿಯಾಗಿರುವುದರಿಂದ ಅದರಲ್ಲಿ ಸಕ್ಕರೆ ಇರಲಾರದು ಎಂದು ಬಹಳ ಮಂದಿ ನಂಬಿದ್ದಾರೆ. ಡಬ್ಬಿಯ ಹಿಂಬದಿ ಓದಿ: ಹಲವು ಬ್ರ್ಯಾಂಡ್‌ಗಳಲ್ಲಿ 100 ಮಿಲಿಲೀಟರಿಗೆ 8 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಕೋಲಾದಲ್ಲಿ ಅದಕ್ಕಿಂತಲೂ ಹೆಚ್ಚು. ಕಿತ್ತಳೆ ಸುವಾಸನೆಯ ಲಿಕರ್‌ಗಳು (ಸಿಹಿ ಸೇರಿಸಿದ ಮದ್ಯ), ಪೊಟ್ಟಣದ ಹಣ್ಣಿನ ಪಾನೀಯಗಳು ಇದೇ ಸಾಲಿಗೆ ಸೇರಿದವು. ಸಾದಾ ಜಿನ್, ವೋಡ್ಕಾ, ವಿಸ್ಕಿಗಳಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಹೊರಗಿನಿಂದ ಸೇರುವ ಸಕ್ಕರೆ 50 ಗ್ರಾಂ ಮೀರಬಾರದು, ಸಾಧ್ಯವಾದರೆ 25 ಗ್ರಾಂ ಒಳಗಿರಬೇಕು. ಟಾನಿಕ್ ಮತ್ತು ಸಿರಪ್ ಎರಡೂ ಬಿದ್ದ ಒಂದೇ ಲೋಟ ಈ 25 ಗ್ರಾಂ ಅನ್ನು ಸುಲಭವಾಗಿ ದಾಟುತ್ತದೆ. ಜೇನುತುಪ್ಪ, ಬೆಲ್ಲದ ಪಾಕ ಹಾಕಿ "ಆರೋಗ್ಯಕರ" ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ರುಚಿ ಬೇರೆ, ಅಷ್ಟೇ. ನಿಮ್ಮ ರಕ್ತಕ್ಕೆ ಸೇರುವುದು ಸಕ್ಕರೆಯೇ. ಸೋಸಿದ ಹಣ್ಣಿನ ರಸದ ಸಕ್ಕರೆಯನ್ನೂ ಆ ಸಂಸ್ಥೆ ಈ ಲೆಕ್ಕಕ್ಕೇ ಸೇರಿಸುತ್ತದೆ. ಆದ್ದರಿಂದ ಜ್ಯೂಸರ್ ಬೇಡ. ಹಣ್ಣನ್ನು ಕುಟ್ಟಾಣಿಯಲ್ಲಿ ಜಜ್ಜಿ, ತಿರುಳು ಉಳಿಯುವಂತೆ ಬಳಸಿ. ನಾರೂ ಉಳಿಯುತ್ತದೆ, ಕಡಿಮೆ ಹಣ್ಣಿನಲ್ಲೇ ಲೋಟಕ್ಕೆ ಮೈ ಬರುತ್ತದೆ.

ನೀವು ಹೇಳಿದ "ನೀರು ನೀರು" ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಸಕ್ಕರೆ ಸಿಹಿ ಕೊಡುವುದರ ಜೊತೆಗೆ ಪಾನೀಯವನ್ನು ಮಂದವಾಗಿಸುತ್ತದೆ. ಅದನ್ನು ತೆಗೆದ ಮೇಲೆ ಆ ಜಾಗಕ್ಕೆ ಬೇರೆ ಏನಾದರೂ ಬರಬೇಕು. ಹಣ್ಣಿನ ತಿರುಳು ಮೊದಲ ಆಯ್ಕೆ. ಎರಡನೆಯದು ಕಾಮಕಸ್ತೂರಿ ಬೀಜ. ಒಂದು ಟೀ ಚಮಚ ಬೀಜವನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿದರೆ ಉಬ್ಬಿ ಲೋಳೆಯಾಗುತ್ತದೆ. ಅದನ್ನು ಎರಡು ಲೋಟಗಳಿಗೆ ಹಂಚಿದರೆ ಸೋಡಾ ಕೂಡ ತೆಳುವೆನಿಸುವುದಿಲ್ಲ. ಐಸ್ ವಿಷಯದಲ್ಲೂ ಗಮನವಿರಲಿ. ಪುಡಿ ಐಸ್ ಬೇಗ ಕರಗಿ ಎಲ್ಲವನ್ನೂ ಸಪ್ಪೆ ಮಾಡುತ್ತದೆ. ಚಿಕ್ಕ ಸ್ಟೀಲ್ ಬಟ್ಟಲುಗಳಲ್ಲಿ ನೀರಿಟ್ಟು ದೊಡ್ಡ ಗಡ್ಡೆಯಾಗಿ ಹೆಪ್ಪುಗಟ್ಟಿಸಿ, ಲೋಟಕ್ಕೆ ಒಂದೇ ಗಡ್ಡೆ ಹಾಕಿ. ಕಲ್ಲಂಗಡಿ ಹೋಳುಗಳನ್ನು ಫ್ರೀಜರ್‌ನಲ್ಲಿಟ್ಟು ಐಸ್ ಬದಲು ಬಳಸಿದರೆ ಇನ್ನೂ ಒಳ್ಳೆಯದು. ಕರಗಿದಷ್ಟೂ ಹಣ್ಣಿನ ರುಚಿಯೇ ಬಿಡುತ್ತದೆ. ನೂರು ಗ್ರಾಂ ಕಲ್ಲಂಗಡಿಯಲ್ಲಿ ಸಕ್ಕರೆ ಆರು ಗ್ರಾಂ ಮಾತ್ರ.

ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದ್ದರಿಂದ ಹಣ್ಣು ಪೂರ್ತಿ ಕಳಿತದ್ದಾಗಿರಬೇಕು. ಅದರ ಜೊತೆಗೆ ಮೂಗಿನ ಸಹಾಯ ಪಡೆಯಿರಿ. ಏಲಕ್ಕಿ, ಚಕ್ಕೆ, ಪುದೀನದ ಪರಿಮಳ ಇದ್ದಲ್ಲಿ ಸಕ್ಕರೆ ಹೆಚ್ಚದೆಯೇ ಸಿಹಿ ಹೆಚ್ಚಿದಂತೆ ಅನಿಸುತ್ತದೆ. ಒಂದು ಚಿಟಿಕೆ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದಕ್ಕೆ ತರುತ್ತದೆ. ಇದನ್ನು ದಯವಿಟ್ಟು ಬಿಡಬೇಡಿ. ಸಿರಪ್ ಇಲ್ಲದ ಲೋಟದಲ್ಲಿ ಈ ಚಿಟಿಕೆ ಉಪ್ಪು ಮಾಡುವ ಕೆಲಸ ದೊಡ್ಡದು.

ಈಗ ಹಣ್ಣುಗಳಿಗೆ ಬರೋಣ. ಬೆಂಗಳೂರಿನಲ್ಲಿದ್ದು ಈ ಪ್ರಶ್ನೆ ಕೇಳಿದ್ದೀರಿ, ನಿಮ್ಮದು ಪುಣ್ಯ. ನನ್ನ ಮೊದಲ ಆಯ್ಕೆ ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ, ಬೀಜವಿರುವ, ದಪ್ಪ ಸಿಪ್ಪೆಯ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಇದು. ಬೀಜವಿಲ್ಲದ ದ್ರಾಕ್ಷಿ ಬಂದ ಮೇಲೆ ಇದನ್ನು ತಿನ್ನುವವರು ಕಡಿಮೆ. ಆದರೆ ಲೋಟಕ್ಕೆ ಇದಕ್ಕಿಂತ ಒಳ್ಳೆಯ ದ್ರಾಕ್ಷಿ ನನಗೆ ಗೊತ್ತಿಲ್ಲ. ಗೊಂಚಲು ಚೀಲದಲ್ಲಿದ್ದರೆ ಮನೆಯಿಡೀ ಘಮ್ಮೆನ್ನುತ್ತದೆ, ಮತ್ತು ನಮಗೆ ಬೇಕಾದದ್ದು ಆ ಘಮವೇ. ಹುಳಿ ಅದರಲ್ಲೇ ಇದೆ, ಸಿಪ್ಪೆಯಲ್ಲಿ ಒಗರಿದೆ, ಬಣ್ಣವಿದೆ. ಐವತ್ತು ಗ್ರಾಂ, ಅಂದರೆ ಒಂದು ಹಿಡಿ ದ್ರಾಕ್ಷಿಯನ್ನು ಕುಟ್ಟಾಣಿಯಲ್ಲಿ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ ಬಿಡುತ್ತದೆ. ಒತ್ತಿದ ದ್ರಾಕ್ಷಿಗೆ 45 ಮಿಲಿಲೀಟರ್ ಜಿನ್, ಚಿಟಿಕೆ ಉಪ್ಪು, ಜಜ್ಜಿದ ಎರಡು ಕಾಳುಮೆಣಸು ಸೇರಿಸಿ ಐದು ನಿಮಿಷ ಬಿಡಿ. ಸಿಪ್ಪೆಯ ಬಣ್ಣ ಜಿನ್‌ಗೆ ಇಳಿಯುವುದು ಈ ಐದು ನಿಮಿಷದಲ್ಲಿ. ಬಳಿಕ ಐಸ್ ಹಾಕಿ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ, ತಿರುಳನ್ನು ಚಮಚದಿಂದ ಒತ್ತಿ ಇಳಿಸಿ, ಮೇಲೆ ನೂರು ಮಿಲಿಲೀಟರ್ ಸಾದಾ ಸೋಡಾ ಹಾಕಿ. ನಿಂಬೆ ಬೇಡ, ಸಿರಪ್ ಬೇಡ. ಹಣ್ಣಿನದೇ ಎಂಟು ಗ್ರಾಂ ಆಸುಪಾಸು ಸಕ್ಕರೆ ಇದ್ದೇ ಇರುತ್ತದೆ, ಅದನ್ನು ಮರೆಯಬಾರದು. ಶೇಕರ್ ಕೊಳ್ಳುವ ಅವಶ್ಯಕತೆ ಖಂಡಿತ ಇಲ್ಲ.

ದೇವನಹಳ್ಳಿಯ ಚಕ್ಕೋತ ಸಿಕ್ಕಿದರೆ ಬಿಡಬೇಡಿ. ಅದಕ್ಕೂ ಭೌಗೋಳಿಕ ಸೂಚಕವಿದೆ. ವಿಮಾನ ನಿಲ್ದಾಣದ ಸುತ್ತ ಜಾಗದ ಬೆಲೆ ಏರಿದಂತೆ ತೋಟಗಳು ಕಡಿಮೆಯಾಗಿವೆ, ಆ ಬಗ್ಗೆ ನನಗೆ ನೋವಿದೆ. ಬಿಳಿ ಪೊರೆಯನ್ನು ಪೂರ್ತಿ ಬಿಡಿಸಿ, ಒಳಗಿನ ಎಸಳುಗಳನ್ನು ಮಾತ್ರ ಬೆರಳಿನಿಂದ ಪುಡಿ ಮಾಡಿ. ಎರಡು ತೊಳೆಗೆ ಒಂದು ಪೆಗ್ ವೋಡ್ಕಾ, ಉಪ್ಪು, ಕೈಯಲ್ಲಿ ತಟ್ಟಿದ ಪುದೀನ, ಸೋಡಾ ಹಾಕಿದರೆ ಮುಗಿಯಿತು. ಎಸಳುಗಳು ಬಾಯಲ್ಲಿ ಒಡೆಯುವ ಸುಖ ಬೇರೆ ಹಣ್ಣಿನಲ್ಲಿ ಇಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಕ್ಕೋತ ಮತ್ತು ಅದರ ಸಂಬಂಧಿ ಗ್ರೇಪ್‌ಫ್ರೂಟ್ ಕೆಲವು ಔಷಧಿಗಳನ್ನು ದೇಹ ಒಡೆಯುವ ಕ್ರಮವನ್ನು ತಡೆದು, ರಕ್ತದಲ್ಲಿ ಔಷಧಿಯ ಪ್ರಮಾಣ ಏರಿಸಬಲ್ಲವು. ಕೊಲೆಸ್ಟರಾಲ್‌ಗೆ ಕೊಡುವ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ಈ ಪಟ್ಟಿಯಲ್ಲಿವೆ. ಬರುವ ಗೆಳೆಯರಲ್ಲಿ ಯಾರಾದರೂ ಇಂಥ ಮಾತ್ರೆ ನುಂಗುತ್ತಿದ್ದರೆ ಅವರಿಗೆ ಚಕ್ಕೋತದ ಲೋಟ ಕೊಡಬೇಡಿ. ಮೊದಲೇ ಕೇಳಿಬಿಡಿ, ಸಂಕೋಚ ಬೇಡ.

ಸೀಬೆಹಣ್ಣಿಗೆ ಉಪ್ಪು, ಖಾರದ ಪುಡಿ, ಅರ್ಧ ಚಮಚ ನಿಂಬೆರಸ ಮತ್ತು ಬಿಳಿ ರಮ್ ಚೆನ್ನಾಗಿ ಹೊಂದುತ್ತವೆ. ಸ್ಟ್ರಾಬೆರಿಯಲ್ಲಿ ಸಕ್ಕರೆ ಬಹಳ ಕಡಿಮೆ, ನೂರು ಗ್ರಾಮಿಗೆ ಐದು ಗ್ರಾಂ. ಚಳಿಗಾಲದಲ್ಲಿ ಎರಡು ತುಳಸಿ ಎಲೆಯ ಜೊತೆ ಜಜ್ಜಿ ನೋಡಿ.

ಮಾವಿನ ಕಾಲದಲ್ಲಿ ಎಲ್ಲರೂ ಬಾದಾಮಿ, ರಸಪುರಿಯ ಕಡೆ ಓಡುತ್ತಾರೆ. ತಿನ್ನಲು ಅವೇ ಸರಿ. ಲೋಟಕ್ಕೆ ಮಾತ್ರ ತೋತಾಪುರಿ ತನ್ನಿ, ಅದೂ ಅರ್ಧ ಮಾಗಿದ್ದು. ಹಣ್ಣು ಪೂರ್ತಿ ಕಳಿತಿರಬೇಕು ಎಂದೆನಲ್ಲ, ಆ ಮಾತಿಗೆ ಇದೊಂದು ಅಪವಾದ. ಉಪ್ಪು ಖಾರ ಸವರಿ ತಳ್ಳುಗಾಡಿಯವರು ಮಾರುವ ಆ ಗಿಣಿಮೂತಿ ಮಾವೇ. ಸಿಹಿ ಕಡಿಮೆ, ಹುಳಿ ಹದ, ನಿಂಬೆ ಹಾಕುವ ಪ್ರಮೇಯವೇ ಇಲ್ಲ. ಪುನರ್ಪುಳಿ ಇಷ್ಟವಾದರೆ ಬಾಟಲಿಯ ಸಿರಪ್ ಕೊಳ್ಳಬೇಡಿ, ಅದರಲ್ಲಿ ಬಹುಪಾಲು ಸಕ್ಕರೆ. ಮಂಗಳೂರು ಸಾಮಾನು ಮಾರುವ ಅಂಗಡಿಗಳಲ್ಲಿ ಒಣಗಿದ ಸಿಪ್ಪೆ ಸಿಗುತ್ತದೆ. ರಾತ್ರಿ ನೆನೆಸಿಟ್ಟ ನೀರನ್ನು ನಿಂಬೆಯ ಬದಲಿಗೆ ಬಳಸಿ. ಹಣ್ಣನ್ನು ಗಾಂಧಿ ಬಜಾರ್, ಮಲ್ಲೇಶ್ವರ ಅಥವಾ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಲ್ಲಿ ನೋಡಿ, ಮೂಸಿ ಕೊಳ್ಳಿ. ಪರಿಮಳವಿಲ್ಲದ ಹಣ್ಣಿನಿಂದ ಸಿರಪ್ ಇಲ್ಲದ ಕಾಕ್‌ಟೇಲ್ ಆಗುವುದಿಲ್ಲ.

ಇನ್ನು "ಆರೋಗ್ಯಕರ" ಎಂಬ ವಿಷಯ. ನೀವು ವೈದ್ಯರ ಮಾತನ್ನು ಎತ್ತಿದ್ದೀರಿ, ಹಾಗಾಗಿ ಇದನ್ನು ಬಿಟ್ಟುಬಿಡಲಾರೆ. ಸಕ್ಕರೆ ಇಲ್ಲದಿದ್ದರೂ ಮದ್ಯಕ್ಕೆ ತನ್ನದೇ ಕ್ಯಾಲೊರಿ ಇದೆ, ಗ್ರಾಮಿಗೆ ಏಳು. ನಮ್ಮಲ್ಲಿ ಮಾರುವ ಬಹುತೇಕ ಮದ್ಯದ ಸಾಮರ್ಥ್ಯ ಶೇ 42.8. ಅದರ 60 ಮಿಲಿಲೀಟರ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್, ಅಂದರೆ 140 ಕ್ಯಾಲೊರಿ. ಇದು 35 ಗ್ರಾಂ ಸಕ್ಕರೆಗೆ ಸಮ. ಅದಕ್ಕೇ ನಾನು 45 ಮಿಲಿಲೀಟರ್ ಮೀರುವುದಿಲ್ಲ, ಬಹಳ ಸಲ 30ಕ್ಕೇ ನಿಲ್ಲಿಸುತ್ತೇನೆ. ಹಣ್ಣು ಚೆನ್ನಾಗಿದ್ದರೆ ಒಂದು ಸಣ್ಣ ಪೆಗ್‌ನಲ್ಲೇ ರುಚಿ ತುಂಬಿಕೊಳ್ಳುತ್ತದೆ. ಆರೋಗ್ಯಕ್ಕೆ ಹಾನಿಯೇ ಇಲ್ಲದ ಮದ್ಯದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವು ಮಾಡುತ್ತಿರುವುದು ಸಕ್ಕರೆಯ ಹೊರೆ ಇಳಿಸುವ ಕೆಲಸ ಮಾತ್ರ.

ನೀವು ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಯಕೃತ್ತು ಮದ್ಯವನ್ನು ಕರಗಿಸುವುದರಲ್ಲಿ ತೊಡಗಿದಾಗ ಹೊಸ ಗ್ಲೂಕೋಸ್ ತಯಾರಿಸುವುದು ಕುಗ್ಗುತ್ತದೆ. ಹೊಟ್ಟೆ ಖಾಲಿ ಇದ್ದರಂತೂ ಕುಡಿದ ಹಲವು ಗಂಟೆಗಳ ನಂತರವೂ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ತೊದಲು ಮಾತು, ತೂರಾಟ, ಬೆವರು ಇದರ ಲಕ್ಷಣ. ಅಮಲೇರಿದೆ ಎಂದು ಜೊತೆಯಲ್ಲಿರುವವರು ಸುಮ್ಮನಾಗಿಬಿಡುವ ಅಪಾಯ ಇರುವುದು ಇಲ್ಲೇ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರೂ ಹೆಚ್ಚು ಕುಡಿಯಬಾರದು. ಯಾವುದೇ ಸಂದರ್ಭದಲ್ಲೂ ಊಟದ ಜೊತೆಗೇ ಕುಡಿಯಿರಿ. ಕಡಲೆಕಾಯಿ ಬೀಜ, ಹೆಸರುಬೇಳೆ ಕೋಸಂಬರಿ, ಪನೀರ್ ಏನಾದರೂ ತಟ್ಟೆಯಲ್ಲಿರಲಿ.

ಸಕ್ಕರೆರಹಿತ ಕೋಲಾ, ಸಕ್ಕರೆರಹಿತ ಟಾನಿಕ್ ಹಾಕಬಹುದೇ ಎಂದು ನಿಮ್ಮ ಗೆಳೆಯರು ಕೇಳಬಹುದು. ಹಾಕಬಹುದು, ಆದರೆ ಕೃತಕ ಸಿಹಿಯ ಪಾನೀಯದ ಜೊತೆ ಬೆರೆಸಿದ ಮದ್ಯ ಸಕ್ಕರೆ ಪಾನೀಯದ ಜೊತೆ ಬೆರೆಸಿದ್ದಕ್ಕಿಂತ ಬೇಗ ರಕ್ತ ಸೇರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಕ್ಕರೆ ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಕೃತಕ ಸಿಹಿ ಹಾಗೆ ಮಾಡುವುದಿಲ್ಲ. ನಮ್ಮ ಸಿರಪ್ ಇಲ್ಲದ ಲೋಟದಲ್ಲೂ ಸಕ್ಕರೆ ಕಡಿಮೆಯೇ ಇರುವುದರಿಂದ ಅಳತೆ ಲೋಟ ಬಳಸಿ, ಕಣ್ಣಂದಾಜಿನಲ್ಲಿ ಸುರಿಯಬೇಡಿ. ಬೈಕು, ಕಾರಿನಲ್ಲಿ ಬಂದವರಿಗೆ, ಕುಡಿಯದವರಿಗೆ ಇದೇ ದ್ರಾಕ್ಷಿ, ಇದೇ ಚಕ್ಕೋತ, ಇದೇ ಉಪ್ಪು ಮೆಣಸು ಹಾಕಿ ಮದ್ಯವಿಲ್ಲದೆ ಕೊಡಿ. ಜಿನ್ ಬದಲಿಗೆ ಅಷ್ಟೇ ಪ್ರಮಾಣದ ತಣ್ಣನೆಯ ಕಪ್ಪು ಚಹಾ ಹಾಕಿದರೆ ಒಗರು ಬಂದು ರುಚಿ ನಿಲ್ಲುತ್ತದೆ.

ಟಾನಿಕ್ ಇಲ್ಲದೆ ಜಿನ್ ಇಳಿಯುವುದೇ ಇಲ್ಲ ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಮೂರನೇ ಒಂದು ಭಾಗ ಟಾನಿಕ್, ಉಳಿದದ್ದು ಸೋಡಾ ಹಾಕಿ, ನಿಂಬೆಯ ಹಸಿರು ಸಿಪ್ಪೆಯನ್ನು ಲೋಟದ ಮೇಲೆ ಹಿಂಡಿ ಕೊಡಿ. ಸಿಪ್ಪೆಯ ಎಣ್ಣೆಯಲ್ಲಿ ಪರಿಮಳ ಬಹಳ, ಹುಳಿ ಇಲ್ಲ. ಟಾನಿಕ್‌ನ ಕಹಿಯೂ ಉಳಿಯುತ್ತದೆ.