ಮೊಸರು ಕೊಟ್ಟು ಮಾತ್ರೆ ಬಿಡಬಹುದೇ?

ಪ್ರಶ್ನೆ: ನನ್ನ 26 ವರ್ಷದ ಮಗನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೋಡೆಯಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಶುರುಮಾಡಿದ ಮೇಲೆ ಮಲದಲ್ಲಿ ರಕ್ತ ಹೋಗುವುದು ನಿಂತು ಐದು ತಿಂಗಳಾಯಿತು. ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿದರೆ ರೋಗನಿರೋಧಕ ಶಕ್ತಿ ಬೆಳೆದು ಕಾಯಿಲೆ ಹೋಗುತ್ತದೆ, ಮಾತ್ರೆ ಬಿಟ್ಟು ಮೊಸರು ಕೊಡಿ ಎಂದು ನೆಂಟರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಮಗನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿಲ್ಲ. ಸುಮ್ಮನಿರಬೇಕಾದ ಕಡೆ ಅದು ಕೆರಳಿದೆ.

ದೊಡ್ಡ ಕರುಳಿನ ಒಳಗೋಡೆಯ ಮೇಲೆ ಲೋಳೆಯ ಎರಡು ಪದರಗಳಿವೆ. ಸಡಿಲವಾದ ಮೇಲಿನ ಪದರದಲ್ಲಿ ಬ್ಯಾಕ್ಟೀರಿಯಾಗಳು ಬದುಕುತ್ತವೆ. ಗೋಡೆಗೆ ಅಂಟಿಕೊಂಡ ದಟ್ಟ ಪದರದೊಳಕ್ಕೆ, ಆರೋಗ್ಯವಂತರಲ್ಲಿ, ಅವು ಇಳಿಯುವುದು ಕಡಿಮೆ. ನಮಗೆ ಅರಗದ ನಾರಿನಂಶವನ್ನು ಹುದುಗಿಸಿ ಅವುಗಳಲ್ಲಿ ಕೆಲವು ತಯಾರಿಸುವ ಬ್ಯುಟಿರೇಟ್ ಎಂಬ ವಸ್ತು, ಗೋಡೆಯ ಕೋಶಗಳಿಗೆ ಮುಖ್ಯ ಆಹಾರವಾಗುವುದಲ್ಲದೆ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ-ಕೋಶಗಳು (ಒಂದು ಬಗೆಯ ಬಿಳಿರಕ್ತಕಣಗಳು) ಬೆಳೆಯಲೂ ನೆರವಾಗುತ್ತದೆಂದು 2013ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗಗಳು ತೋರಿಸಿದವು. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಲೋಳೆಯನ್ನೇ ತಿನ್ನತೊಡಗುತ್ತವೆ. ಪದರ ತೆಳುವಾದಂತೆ ಅವು ಗೋಡೆಗೆ ಹತ್ತಿರವಾಗಿ, ರೋಗನಿರೋಧಕ ಶಕ್ತಿಯನ್ನು ಕೆರಳಿಸಬಹುದು.

ಆದರೆ ತಪ್ಪೆಲ್ಲವೂ ಬ್ಯಾಕ್ಟೀರಿಯಾಗಳದ್ದಲ್ಲ. ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ವಸ್ತುವನ್ನು ತಯಾರಿಸಲಾಗದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ. ಅಂಥವೇ ಇಲಿಗಳನ್ನು ಸೂಕ್ಷ್ಮಜೀವಿಗಳೇ ಇಲ್ಲದ ಕಡೆ ಸಾಕಿದರೆ ಬರುವುದಿಲ್ಲ. ಉರಿಯೂತವನ್ನು ಹತ್ತಿಕ್ಕಲಾಗದ ದೇಹದ ದೌರ್ಬಲ್ಯವೂ ಬ್ಯಾಕ್ಟೀರಿಯಾಗಳೂ ಕೂಡಿದಾಗ ರೋಗ ಹುಟ್ಟುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಕಡಿಮೆ.

ಮೊಸರಿನ ವಿಷಯಕ್ಕೆ ಬರೋಣ. ಅದರ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕರುಳಿನಲ್ಲಿ ನೆಲೆಯೂರದೆ ಹಾದುಹೋಗುತ್ತವೆ. ಯಾವ ತಳಿ ಎಂಬುದೇ ಇಲ್ಲಿ ಮುಖ್ಯ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಅವರು ಭೇದಿಗೆ ತುತ್ತಾಗದೆ ಉಳಿದ ಸೈನಿಕನೊಬ್ಬನ ಮಲದಿಂದ ಬೇರ್ಪಡಿಸಿದ ಇ. ಕೋಲಿ ಬ್ಯಾಕ್ಟೀರಿಯಾದ ತಳಿಯೊಂದು, ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯುವುದರಲ್ಲಿ ಮೆಸಲಮೈನ್‌ಗೆ ಸರಿಸಮವೆಂದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂತು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಿಂದ ಅದನ್ನು ನಿರೀಕ್ಷಿಸಲಾಗದು. ಮಗನಿಗೆ ಹಾಲು, ಮೊಸರು ಒಗ್ಗಿದರೆ ಊಟದ ಜೊತೆ ಧಾರಾಳವಾಗಿ ಕೊಡಿ, ಮಾತ್ರೆಗೆ ಬದಲಾಗಿ ಬೇಡ.

ಕಾಯಿಲೆ ತಣ್ಣಗಿರುವ ಈ ದಿನಗಳಲ್ಲಿ ರಾಗಿ, ಬೇಳೆ, ಚೆನ್ನಾಗಿ ಬೆಂದ ತರಕಾರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಮತ್ತೆ ರಕ್ತ ಕಾಣಿಸಿಕೊಂಡರೆ ನಾರಿನಂಶ ತಗ್ಗಿಸಿ, ತಡಮಾಡದೆ ವೈದ್ಯರ ಬಳಿಗೆ ಹೋಗಿ. ಮೆಸಲಮೈನ್ ತೆಗೆದುಕೊಳ್ಳುವವರು ಆಗಾಗ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಬೇಕು. ಮುಂದಿನ ಭೇಟಿಯಲ್ಲಿ ಅದನ್ನು ಮರೆಯದೆ ಕೇಳಿ.