ತಾಯಿ ಕಟ್ಟುವ ಬೀಡಿ, ಮಗ ನುಂಗುವ ಮಾತ್ರೆ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ. ಸುಂದರ ಎಂಬುದು ನಾನು ಇಟ್ಟ ಹೆಸರು.

ಸುಂದರ ಅವರಿಗೆ 41 ವರ್ಷ. ದಕ್ಷಿಣ ಕನ್ನಡದ ಒಳನಾಡಿನವರು. ಮನೆಯಲ್ಲಿ ಬೀಡಿ ಕಟ್ಟುವ ತಾಯಿ, ರಿಕ್ಷಾ ಓಡಿಸುವ ಅಣ್ಣ, ಅತ್ತಿಗೆ. ಹರೆಯದಲ್ಲೇ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಂಡಿತ್ತು. ಬೇರೆ ಔಷಧಿಗಳು ಫಲ ಕೊಡದಿದ್ದಾಗ ಮನೋವೈದ್ಯರು ಕ್ಲೋಜಪಿನ್ ಆರಂಭಿಸಿದ್ದು, ಆರು ವರ್ಷಗಳಿಂದ ದಿನಕ್ಕೆ 400 ಮಿಲಿಗ್ರಾಂ ನಡೆಯುತ್ತಿತ್ತು. ಮದ್ಯವರ್ಜನ ಶಿಬಿರವೊಂದರಲ್ಲಿ ಕುಡಿತ ಬಿಟ್ಟು 14 ತಿಂಗಳಾಗಿತ್ತು. ಉಳಿದದ್ದು ಬೀಡಿ, ದಿನಕ್ಕೆ ಎರಡು ಕಟ್ಟು. ವಾಸಿಯಾಗದ ಕೆಮ್ಮನ್ನು ನೋಡಿದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಬೀಡಿ ಬಿಡಿಸುವ ಸಲಹೆಗಾಗಿ ನನ್ನ ಬಳಿಗೆ ಕಳಿಸಿದ್ದರು. ಆದರೆ ಜೊತೆಗೆ ಬಂದ ಅಣ್ಣ ಕುಳಿತುಕೊಳ್ಳುವ ಮೊದಲೇ ಹೇಳಿದರು: "ಕುಡಿಯುವುದು ಬಿಟ್ಟಿದ್ದಾನೆ, ಮಾತ್ರೆ ತಪ್ಪಿಸುವುದಿಲ್ಲ. ಬೀಡಿ ಒಂದು ಇರಲಿ ಮೇಡಂ. ಅದನ್ನು ಬಿಡಿಸಲಿಕ್ಕೆ ಹೋಗಿ ಒಮ್ಮೆ ನಾವು ಪಟ್ಟ ಪಾಡು ಸಾಕು."

ಆ ಪಾಡು ಏನೆಂದು ಕೇಳುವುದರಲ್ಲೇ ಮೊದಲ ಭೇಟಿ ಮುಗಿಯಿತು. ಹಿಂದಿನ ವರ್ಷ ಅಣ್ಣತಮ್ಮ ಇಬ್ಬರೂ ಶಬರಿಮಲೆಗೆಂದು ಮಾಲೆ ಹಾಕಿದ್ದರು. ವ್ರತವೆಂದ ಮೇಲೆ ಬೀಡಿ ಮುಟ್ಟುವಂತಿಲ್ಲ. ಸುಂದರ ಅವರು ಒಂದೇ ದಿನದಲ್ಲಿ ಬಿಟ್ಟರು. ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ದೆಗೇಡು ಇದ್ದವು, ಅದನ್ನು ಮನೆಯವರು ನಿರೀಕ್ಷಿಸಿದ್ದರು. ಹತ್ತನೆಯ ದಿನದ ಹೊತ್ತಿಗೆ ಮಾತ್ರ ಬೇರೆಯೇ ಲಕ್ಷಣಗಳು: ಬೆಳಿಗ್ಗೆ ದಿಂಬು ಪೂರ್ತಿ ಜೊಲ್ಲಿನಿಂದ ಒದ್ದೆ, ಭಜನೆಗೆ ಕುಳಿತಲ್ಲೇ ತೂಕಡಿಕೆ, ತೊದಲು ಮಾತು, ನಡೆದರೆ ತೂರಾಟ. ಮಾತ್ರೆ ಹೆಚ್ಚಾಯಿತೆಂದು ಅಣ್ಣ ಊಹಿಸಿದರು. ಆ ಊಹೆ ಸರಿಯಾಗಿತ್ತು, ಮಾಡಿದ ಕೆಲಸ ಸರಿಯಾಗಿರಲಿಲ್ಲ: ಮಾತ್ರೆಯನ್ನು ಪೂರ್ತಿ ನಿಲ್ಲಿಸಿಬಿಟ್ಟರು. ವಾರ ಕಳೆಯುವಷ್ಟರಲ್ಲಿ ಸುಂದರ ಅವರು ರಾತ್ರಿ ಬಾವಿಕಟ್ಟೆಯಲ್ಲಿ ಕುಳಿತು ಯಾರಿಗೂ ಕೇಳದ ಮಾತುಗಳಿಗೆ ಉತ್ತರ ಕೊಡತೊಡಗಿದ್ದರು. ಮಾಲೆ ತೆಗೆಸಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ಕಾಲ ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಿಸುತ್ತಾ 400ಕ್ಕೆ ತರುವಷ್ಟರಲ್ಲಿ ವಾರಗಳೇ ಕಳೆದವು. ಮನೆಗೆ ಬಂದವರು ಬೀಡಿಗೂ ಮರಳಿದರು. ಬೀಡಿ ಬಿಟ್ಟದ್ದರಿಂದಲೇ ತಲೆ ಕೆಟ್ಟಿತೆಂಬ ತೀರ್ಮಾನ ಮನೆಯಲ್ಲಿ ಗಟ್ಟಿಯಾಯಿತು.

ಎರಡನೆಯ ಭೇಟಿಯಲ್ಲಿ ನಾನು ಮಾಡಿದ್ದು ಆ ತೀರ್ಮಾನವನ್ನು ಬಿಡಿಸಿ ನೋಡುವ ಕೆಲಸ. ಯಕೃತ್ತಿನಲ್ಲಿರುವ ಒಂದು ಕಿಣ್ವ ಕ್ಲೋಜಪಿನ್ ಅನ್ನು ಕರಗಿಸಿ ಹೊರಹಾಕುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಟಾರ್‌ನ ಅಂಶಗಳು ಈ ಕಿಣ್ವದ ವೇಗವನ್ನು ಹೆಚ್ಚಿಸುತ್ತವೆ. ಹಾಗೆ ಮಾಡುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಸುಂದರ ಅವರಿಗೆ 400 ಮಿಲಿಗ್ರಾಂ ಎಂದು ಗೊತ್ತುಮಾಡಿದ್ದು ದಿನವಿಡೀ ಹೊಗೆ ಎಳೆಯುವ ದೇಹಕ್ಕೆ. ಹೊಗೆ ನಿಂತು ವಾರದೊಳಗೆ ಕಿಣ್ವ ನಿಧಾನವಾಗುತ್ತದೆ, ಅದೇ ಮಾತ್ರೆಯಿಂದ ರಕ್ತದಲ್ಲಿನ ಔಷಧಿಯ ಮಟ್ಟ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಏರಬಹುದು. ತೂತು ಕೊಡಪಾನಕ್ಕೆ ನೀರು ಸುರಿಯುತ್ತಿದ್ದೀರಿ, ತೂತು ಮುಚ್ಚಿದ ಮೇಲೂ ಅಷ್ಟೇ ನೀರು ಸುರಿದರೆ ತುಂಬಿ ಹರಿಯುವುದಿಲ್ಲವೇ ಎಂದು ಕೇಳಿದೆ. ಅಣ್ಣ ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಇದನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ?" ಎಂದರು. ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ನಾನೂ ವರ್ಷಗಟ್ಟಲೆ ಕೇಸ್ ಫೈಲಿನಲ್ಲಿ "ಬೀಡಿ: ಹೌದು" ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋದವಳು. ಮನೋರೋಗಕ್ಕೆ ಕೊಡುವ ಒಲಾಂಜಪಿನ್ ಮಾತ್ರೆಗೂ ಇದೇ ತೊಡಕು ಇದೆ. ಅಂಥವೇ ಆದ ರಿಸ್ಪೆರಿಡೋನ್, ಲಿಥಿಯಂ ಮಾತ್ರೆಗಳಿಗೆ ಇಲ್ಲ. ಆದ್ದರಿಂದ ಬಿಡುವ ದಿನ ಗೊತ್ತುಮಾಡುವ ಮುನ್ನ ಮಾತ್ರೆಯ ಚೀಟಿ ನೋಡಲೇಬೇಕು.

ಬೀಡಿಯನ್ನೂ ಬಿಟ್ಟರೆ ಮತ್ತೆ ಕುಡಿತಕ್ಕೆ ಇಳಿಯುತ್ತೇನೆಂಬ ಭಯ ಸುಂದರ ಅವರಲ್ಲೇ ಇತ್ತು. ವ್ಯಸನಮುಕ್ತಿ ಕೇಂದ್ರಗಳಲ್ಲೂ "ಒಂದೊಂದಾಗಿ ಬಿಡಿಸೋಣ" ಎಂಬ ಮಾತು ರೂಢಿಯಲ್ಲಿದೆ. ಆದರೆ 19 ಪ್ರಯೋಗಗಳನ್ನು ಒಟ್ಟುಮಾಡಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ವ್ಯಸನದ ಚಿಕಿತ್ಸೆಯ ಜೊತೆಗೇ ಧೂಮಪಾನ ಬಿಡಲು ನೆರವು ಪಡೆದವರು ದೀರ್ಘಕಾಲ ಮದ್ಯ, ಮಾದಕವಸ್ತುಗಳಿಂದ ದೂರ ಉಳಿಯುವ ಸಾಧ್ಯತೆ ಶೇ. 25ರಷ್ಟು ಹೆಚ್ಚೆಂದು ಕಂಡುಬಂದಿದೆ. ಅದೆಲ್ಲಕ್ಕಿಂತ ಅವರಿಗೆ ನಾಟಿದ್ದು ಅವರದೇ ಅನುಭವ: ಗಡಂಗಿನ ನೆನಪು ಬರುವುದು ಯಾವಾಗ ಎಂದು ಕೇಳಿದಾಗ, "ಬೀಡಿ ಹೊತ್ತಿಸಿದ ಕೂಡಲೇ" ಎಂದಿದ್ದರು.

ಕೊಟ್ಟ ಸಲಹೆ ಹೀಗಿತ್ತು. ಮನೋವೈದ್ಯರ ಭೇಟಿಯ ಮರುದಿನವೇ ಬೀಡಿ ಬಿಡುವ ದಿನ. ಮೊದಲ ವಾರದಲ್ಲಿ ವೈದ್ಯರು ಕ್ಲೋಜಪಿನ್ ಅನ್ನು ಹಂತಹಂತವಾಗಿ 300ಕ್ಕೆ ಇಳಿಸಿದರು. ಜೊಲ್ಲು, ತೂಕಡಿಕೆ, ಮಲಬದ್ಧತೆ, ಕೈಕಾಲು ಜಗ್ಗಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಣ್ಣ ಫೋನ್ ಮಾಡಬೇಕು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅಪರಾತ್ರಿಯಲ್ಲಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. ಧೂಮಪಾನ ಬಿಡಲು ಕೊಡುವ ಬುಪ್ರೊಪಿಯಾನ್ ಮಾತ್ರೆ ಫಿಟ್ಸ್ ಬರುವ ಅಪಾಯವನ್ನು ಹೆಚ್ಚಿಸುವುದರಿಂದ ಕ್ಲೋಜಪಿನ್ ಜೊತೆಗೆ ಬೇಡವೆಂದು ವೈದ್ಯರು ಬಿಟ್ಟರು. ಎದ್ದ ಐದೇ ನಿಮಿಷದಲ್ಲಿ ಮೊದಲ ಬೀಡಿ ಹೊತ್ತಿಸುತ್ತಿದ್ದವರಾದ್ದರಿಂದ 4 ಮಿಲಿಗ್ರಾಂನ ನಿಕೋಟಿನ್ ಗಮ್ ಬರೆದುಕೊಟ್ಟರು. ಇದರಲ್ಲಿ ಹೊಗೆ ಇಲ್ಲದ ಕಾರಣ ಮಾತ್ರೆಯ ಲೆಕ್ಕ ಕೆಡುವುದಿಲ್ಲ.

ಮೂರನೆಯ ದಿನ ಫೋನ್ ಬಂತು: ಹೊಟ್ಟೆ ಉರಿ, ಬಿಕ್ಕಳಿಕೆ, ಗಮ್ ಬೇಡ. ಕರೆಸಿ ನನ್ನೆದುರೇ ಒಂದನ್ನು ಹಾಕಿಕೊಳ್ಳಲು ಹೇಳಿದೆ. ಎಲೆಅಡಿಕೆ ಜಗಿದಂತೆ ಬಿಡದೆ ಜಗಿದು ರಸ ನುಂಗುತ್ತಿದ್ದರು! ಸರಿಯಾದ ಕ್ರಮ ತೋರಿಸಿಕೊಟ್ಟೆ: ಏಳೆಂಟು ಸಲ ಮೆಲ್ಲಗೆ ಜಗಿಯುವುದು, ನಾಲಗೆಗೆ ಕಾಳುಮೆಣಸಿನಂಥ ಚುರುಕು ತಾಕಿದೊಡನೆ ಕೆನ್ನೆಯ ಸಂದಿಯಲ್ಲಿ ಇಟ್ಟು ಸುಮ್ಮನಿರುವುದು, ಚುರುಕು ಹೋದ ಮೇಲೆ ಮತ್ತೆ ಜಗಿಯುವುದು. ಒಂದು ಗಮ್ ಅರ್ಧ ಗಂಟೆ ಬಾಳಬೇಕು. ಗಮ್ ಬಾಯಿಗೆ ಹಾಕುವ ಹಿಂದಿನ ಕಾಲು ಗಂಟೆ ಚಾ, ಕಾಫಿ ಸಲ್ಲದು. ಚಾ, ಕಾಫಿಯನ್ನು ಒಟ್ಟಾರೆ ಅರ್ಧಕ್ಕೆ ಇಳಿಸಲೂ ಹೇಳಿದೆ, ಏಕೆಂದರೆ ಕೆಫೀನ್ ಅನ್ನು ಕರಗಿಸುವುದೂ ಅದೇ ಕಿಣ್ವ.

ಕಷ್ಟದ ಮಾತು ತಾಯಿಯೊಂದಿಗಿತ್ತು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ನಾಲ್ಕು ದಶಕ ಬೀಡಿ ಕಟ್ಟಿ ಇಬ್ಬರನ್ನು ಸಾಕಿದವರು. ಮಗ ಎಳೆಯುತ್ತಿದ್ದುದು ಆ ತಡ್ಪೆಯಿಂದ ಎತ್ತಿಕೊಂಡದ್ದನ್ನೇ. ಕಟ್ಟಿದ ಬೀಡಿಯನ್ನು ಕೊಂಡುಕೊಳ್ಳುವ ಬ್ರಾಂಚಿಗೆ ಒಯ್ಯುವ ಕೆಲಸವೂ ಸುಂದರ ಅವರದೇ ಆಗಿತ್ತು. "ನಾನೇ ಕಟ್ಟಿಕೊಟ್ಟ ಹಾಗಾಯಿತಲ್ಲ ಮೇಡಂ, ಇನ್ನು ಕಟ್ಟುವುದಿಲ್ಲ" ಎಂದರು ತಾಯಿ. ನಾನು ಒಪ್ಪಲಿಲ್ಲ. ಆ ಮನೆಯ ಅಕ್ಕಿ, ಮಗನ ರಕ್ತ ಪರೀಕ್ಷೆಗೆ ಹೋಗುವ ಬಸ್ಸಿನ ದುಡ್ಡು, ಭವಿಷ್ಯನಿಧಿ ಎಲ್ಲವೂ ಆ ಕೆಲಸದಿಂದ ಬಂದವು; ಬಿಟ್ಟು ಮನೆಯಲ್ಲಿ ಕೊರಗುತ್ತಾ ಕುಳಿತರೆ ಮಗನ ಮೇಲೆ ಇನ್ನೊಂದು ಹೊರೆ. ಬದಲಿಗೆ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು ಕಟ್ಟುವುದು, ಸಂಜೆಯೇ ಎಣಿಸಿ ಡಬ್ಬಿಗೆ ಹಾಕಿ ಬೀಗ ಹಾಕುವುದು, ಬ್ರಾಂಚಿಗೆ ಅಣ್ಣನ ರಿಕ್ಷಾದಲ್ಲಿ ಕಳಿಸುವುದು ಎಂದು ಮೂವರೂ ಕೂಡಿ ಗೊತ್ತುಮಾಡಿದೆವು. ಬ್ರಾಂಚಿಗೆ ಹೋಗುವ ಹೊತ್ತಿಗೆ ಸುಂದರ ಅವರು ಸೊಸೈಟಿಗೆ ಹಾಲು ಕೊಂಡೊಯ್ಯತೊಡಗಿದರು.

ಒಂದು ಮಾತನ್ನು ಪ್ರತಿ ಭೇಟಿಯಲ್ಲೂ ಹೇಳಿದ್ದೇನೆ: ಮತ್ತೆ ಎಳೆದರೆ ಮುಚ್ಚಿಡಬೇಡಿ. ದಿನವೂ ಎಳೆಯಲು ಶುರುಮಾಡಿದರೆ ಕಿಣ್ವ ಮತ್ತೆ ಚುರುಕಾಗಿ 300 ಸಾಲದೆ ಹೋಗುತ್ತದೆ, ಕೇಳಬಾರದ ಮಾತುಗಳು ಮತ್ತೆ ಕೇಳಿಸುತ್ತವೆ. ಆದ್ದರಿಂದ ಬೈಯುವುದಿಲ್ಲವೆಂದು ಅಣ್ಣನಿಂದ ಮಾತು ಪಡೆದಿದ್ದೆ. ನಾಲ್ಕನೆಯ ತಿಂಗಳು ಊರಿನ ನೇಮದ (ಭೂತಾರಾಧನೆಯ) ರಾತ್ರಿ ಸುಂದರ ಅವರು ನಾಲ್ಕು ಬೀಡಿ ಎಳೆದರು. ಮರುದಿನ ಬೆಳಿಗ್ಗೆ ಅವರೇ ಅಣ್ಣನಿಗೆ ಹೇಳಿದರು, ಅಣ್ಣ ನನಗೆ ಫೋನ್ ಮಾಡಿದರು. ಒಂದು ರಾತ್ರಿಯ ನಾಲ್ಕು ಬೀಡಿಗೆ ಮಾತ್ರೆ ಬದಲಿಸುವ ಅಗತ್ಯವಿಲ್ಲವೆಂದು ವೈದ್ಯರು ಹೇಳಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ "4" ಎಂದು ಬರೆಯಲು ಹೇಳಿದೆ. ಈಗ ಏಳನೆಯ ತಿಂಗಳು. ಗಮ್ ದಿನಕ್ಕೆ ಹತ್ತರಿಂದ ಮೂರಕ್ಕೆ ಇಳಿದಿದೆ, ಮಾತ್ರೆ 300ರಲ್ಲೇ ಇದೆ, ಬೆಳಗಿನ ಕೆಮ್ಮು ಪೂರ್ತಿ ಹೋಗಿಲ್ಲ. ಕ್ಯಾಲೆಂಡರಿನಲ್ಲಿ ಇನ್ನೊಂದು "2" ಇದೆ, ಸೋದರಮಾವನ ಮಗಳ ಮದುವೆಯ ದಿನದ್ದು.