ಬೇಡ ಅಂದಿದ್ದನ್ನೇ ಮತ್ತೆ ಬಡಿಸಿದರು

ಪ್ರಶ್ನೆ: ನನಗೆ 31 ವರ್ಷ. 8 ವರ್ಷದಿಂದ ಅಕೌಂಟ್ಸ್ ಕೆಲಸ. ಅಂಕಿ ನೋಡಿ ನೋಡಿ ಸಾಕಾಗಿದೆ, ಕೈಯಿಂದ ಏನಾದರೂ ಮಾಡಬೇಕು, ಮರಗೆಲಸ ಇಷ್ಟ ಅಂತ ಕರಿಯರ್ ಕೌನ್ಸೆಲರ್ ಹತ್ತಿರ ಹೋದೆ. ಎರಡು ಗಂಟೆ ಟೆಸ್ಟ್ ಮಾಡಿಸಿ, 'ನಿಮ್ಮ ಲೆಕ್ಕ ತುಂಬಾ ಚೆನ್ನಾಗಿದೆ, ಡೇಟಾ ಅನಾಲಿಟಿಕ್ಸ್ ಕಲಿಯಿರಿ' ಅಂದರು. ಅದೂ ಅಂಕಿ ನೋಡುವ ಕೆಲಸವೇ. ಇಷ್ಟವಿಲ್ಲ ಅಂದರೆ 'ಆಸಕ್ತಿ ಆಮೇಲೆ ತಾನಾಗಿ ಬರುತ್ತೆ' ಅಂತ ನಕ್ಕರು. ತಪ್ಪು ನನ್ನದಾ?

ಉತ್ತರ: ಖಂಡಿತ ಅಲ್ಲ. 8 ವರ್ಷದಲ್ಲಿ ಬರದ ಆಸಕ್ತಿ 9ನೇ ವರ್ಷಕ್ಕೆ ಎಲ್ಲಿಂದ ಬರಬೇಕು?

ನೀವು ಬರೆದದ್ದು ಆಪ್ಟಿಟ್ಯೂಡ್ ಟೆಸ್ಟ್ ಇರಬೇಕು. ಅದು ನಿಮಗೆ ಏನು ಬರುತ್ತದೆ ಅಂತ ನೋಡುತ್ತದೆ, ಏನು ಬೇಕು ಅಂತ ಅಲ್ಲ. ದಿನಾ ಲೆಕ್ಕ ಮಾಡುವವರಿಗೆ ಲೆಕ್ಕದಲ್ಲಿ ಜಾಸ್ತಿ ಅಂಕ ಬಂದರೆ ಅದರಲ್ಲೇನು ವಿಶೇಷ ಹೇಳಿ. ಆಸಕ್ತಿ ಅಳೆಯುವ ಪ್ರಶ್ನಾವಳಿಗಳೇ ಬೇರೆ ಇವೆ, ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಸ್ಟ್ರಾಂಗ್ 1927ರಲ್ಲೇ ಅಂಥದ್ದೊಂದನ್ನು ತಂದಿದ್ದರು. ಅದಕ್ಕೂ ಮೊದಲು, 1908ರಲ್ಲಿ ಬಾಸ್ಟನ್‌ನಲ್ಲಿ ವೃತ್ತಿ ಸಲಹಾ ಕೇಂದ್ರ ಶುರು ಮಾಡಿದ ಫ್ರಾಂಕ್ ಪಾರ್ಸನ್ಸ್ ಹೇಳಿದ ಮೊದಲ ಹೆಜ್ಜೆಯೇ ಬಂದವರ ಶಕ್ತಿ, ಆಸಕ್ತಿ, ಆಸೆ, ಮಿತಿ ಎಲ್ಲವನ್ನೂ ತಿಳಿಯುವುದು. ನಿಮ್ಮ ಕೌನ್ಸೆಲರ್ ಶಕ್ತಿಯೊಂದನ್ನು ನೋಡಿ ಫೈಲ್ ಮುಚ್ಚಿದ್ದಾರೆ.

ಇನ್ನೊಂದು ಮಾತು. ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಆಸಕ್ತಿಗಳನ್ನು ಆರು ಗುಂಪು ಮಾಡಿ ಷಟ್ಕೋನದಲ್ಲಿ ಕೂರಿಸಿದರು. ಮರಗೆಲಸದಂಥ ಕೈಕೆಲಸ ಒಂದು ಮೂಲೆ, ಲೆಕ್ಕಪತ್ರದಂಥ ಅಚ್ಚುಕಟ್ಟು ಕೆಲಸ ಇನ್ನೊಂದು. ಎರಡೂ ಅಕ್ಕಪಕ್ಕದ ಮೂಲೆಗಳು! ನಿಮ್ಮ ಆಸೆ ನಿಮಗೇ ಅನಿಸುವಷ್ಟು ವಿಚಿತ್ರವಲ್ಲ.

ಕೌನ್ಸೆಲರ್‌ಗೆ ನಿಮ್ಮ ಸಂಬಳದ ಚಿಂತೆ ಇದ್ದಿರಬಹುದು, ನ್ಯಾಯವೇ. ಹಾಗಿದ್ದರೆ ಅದನ್ನೇ ನೇರವಾಗಿ ಹೇಳಬೇಕಿತ್ತು, ಅಲ್ವಾ?

ಈಗ ರಾಜೀನಾಮೆ ಕೊಡಬೇಡಿ. ಮರಗೆಲಸದವರ ಜೊತೆ ಕೆಲವು ಪೂರ್ತಿ ದಿನ ಕಳೆಯಿರಿ, ಸುಮ್ನೆ ನೋಡುವುದಲ್ಲ, ಮರ ಉಜ್ಜಿ, ಧೂಳು ಗುಡಿಸಿ, ಗಿರಾಕಿಯ ತಕರಾರೂ ಕೇಳಿಸಿಕೊಳ್ಳಿ. ಸಂಜೆಗೆ ಸುಸ್ತಾದರೂ ನಾಳೆ ಬರಬೇಕು ಅನಿಸುತ್ತಾ ನೋಡಿಕೊಳ್ಳಿ. ಮತ್ತೆ ಸಲಹೆಗೆ ಹೋದರೆ, ಟೆಸ್ಟ್‌ಗೆ ಕೂರುವ ಮೊದಲು 'ಇದು ಏನನ್ನು ಅಳೆಯುತ್ತದೆ?' ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಅಂದಹಾಗೆ, ಸ್ವಂತ ಕಾರ್ಯಾಗಾರ ಹಾಕಿದರೆ ಬಿಲ್ ಬರೆಯುವವರೂ ನೀವೇ, ಆ ಅಂಕಿಗಳು ಅಲ್ಲಿಗೂ ಬರುತ್ತವೆ.